ಸೂರಿನ ಎತ್ತರ

ಮಳೆ ಯಾವಾಗಲೂ ನೆಟ್ಟಗೆ ಬೀಳುವುದಿಲ್ಲವೆಂಬುದನ್ನು ಮಲೆನಾಡಿನಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಅದನ್ನು ಹೊಸದಾಗಿ ಕಲಿಯಬೇಕಾಯಿತು. ಅದೂ ಬೆಂಗಳೂರಿನ ಒಂದು ವಾಸ್ತುಶಿಲ್ಪ ಕಾಲೇಜಿನ ಮೊದಲನೆಯ ವರ್ಷದಲ್ಲಿ, ತರಗತಿಯ ಎಲ್ಲರ ಎದುರಿನಲ್ಲಿ.

ಐದು ವರ್ಷಗಳ ಈ ವ್ಯಾಸಂಗಕ್ಕೆ ನನ್ನನ್ನು ಕಳುಹಿಸುವಾಗ ಅಪ್ಪನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಆಗುಂಬೆಯ ಸಮೀಪದ ನಮ್ಮ ಹಳೆಯ ಹೆಂಚಿನ ಮನೆಯನ್ನು ಕೆಡವಿ ಅಲ್ಲಿ ತಾರಸಿಯ ಮನೆಯನ್ನು ಕಟ್ಟಬೇಕು. ಅದರ ನಕ್ಷೆಯನ್ನು ಮಗನೇ ಬರೆಯಬೇಕು. ನನಗೂ ಅದು ಸಮ್ಮತವೇ ಆಗಿತ್ತು. ಒಳಗೆ ಕತ್ತಲೆ, ಹೊರಗೆ ಹಣೆಗೆ ಬಡಿಯುವ ಸೂರು. ಆ ಮನೆಗೆ ಸ್ನೇಹಿತರನ್ನು ಕರೆಯಲು ನಾನು ನಾಚುತ್ತಿದ್ದೆ.

ನಮಗೆ ಕೊಟ್ಟ ಮೊದಲ ವಿನ್ಯಾಸದ ಅಭ್ಯಾಸ ಒಂದು ಬಸ್ಸು ತಂಗುದಾಣ. ಸ್ಥಳವನ್ನು ನಾವೇ ಆರಿಸಿಕೊಳ್ಳಬಹುದಾಗಿತ್ತು. ನಾನು ನಮ್ಮೂರಿನ ಕೈಮರವನ್ನು ಆರಿಸಿದೆ; ಸ್ಫೂರ್ತಿಯನ್ನು ಮಾತ್ರ ದೂರದಿಂದ ತಂದೆ. ಚಂಡೀಗಢದಲ್ಲಿ ಲ ಕಾರ್ಬೂಸಿಯೆ ಕಟ್ಟಿದ ವಿಧಾನಸಭಾ ಭವನದ ಮುಂದೆ, ಆಕಾಶಕ್ಕೆ ಬಾಯ್ದೆರೆದ ದೋಣಿಯಂಥ ಕಾಂಕ್ರೀಟಿನ ಮಾಡೊಂದಿದೆ. ಅದರ ಚಿತ್ರ ನನ್ನ ಕಣ್ಣನ್ನು ತುಂಬಿಕೊಂಡಿತ್ತು. ಮೂರು ರಾತ್ರಿ ನಿದ್ದೆಗೆಟ್ಟು ರಟ್ಟು ಕತ್ತರಿಸಿ ಮಾದರಿಯನ್ನು ಸಿದ್ಧಪಡಿಸಿದೆ: 12 ಅಡಿ ಎತ್ತರದಲ್ಲಿ ತೇಲುವಂತಿರುವ ಚಾವಣಿ, ಮುಂದಕ್ಕೆ 2 ಅಡಿಯ ಚಾಚು, ಕೆಳಗೆ 8 ಅಡಿ ಅಗಲದ ಜಾಗ.

ಅಧ್ಯಾಪಕರು ಮಾದರಿಯನ್ನು ತಿರುಗಿಸಿ ನೋಡಿದರು. ಅನಂತರ ನನ್ನ ನಕ್ಷೆಯ ಮೇಲೆ 45 ಡಿಗ್ರಿಯ ಮೂಲೆಮಟ್ಟವನ್ನಿಟ್ಟು ಚಾವಣಿಯ ಅಂಚಿನಿಂದ ನೆಲದವರೆಗೆ ಒಂದು ಗೆರೆ ಎಳೆದರು. ಗೆರೆ ಹಿಂದಿನ ಗೋಡೆಗೇ ಹೋಗಿ ಮುಟ್ಟಿತು.

“ಮಳೆ ಹೀಗೆ ಬಂದರೆ ನಿಮ್ಮ ಪ್ರಯಾಣಿಕರು ಎಲ್ಲಿ ನಿಲ್ಲಬೇಕು? ಈ ಊರನ್ನು ನೀವು ಎಂದಾದರೂ ನೋಡಿದ್ದೀರಾ?”

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಆ ಸೀಮೆಯಲ್ಲೇ ಹುಟ್ಟಿದವನು ನಾನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ದೀಪಾವಳಿಯ ರಜೆಗೆ ಇನ್ನೊಂದು ಕೆಲಸ ಹೇಳಿದ್ದರು: ಹಳೆಯ ಕಟ್ಟಡವೊಂದನ್ನು ಅಳೆದು ಅದರ ನಕ್ಷೆ ಬರೆದು ತರಬೇಕು. ಬೇರೆ ಕಟ್ಟಡವನ್ನು ಹುಡುಕುವ ಉತ್ಸಾಹ ಉಳಿದಿರಲಿಲ್ಲ. ನಮ್ಮ ಮನೆಯನ್ನೇ ಅಳೆಯಲು ತೊಡಗಿದೆ. ಟೇಪಿನ ಇನ್ನೊಂದು ತುದಿಯನ್ನು ಹಿಡಿದವರು ಅಜ್ಜಿ.

“ಗೊತ್ತಿರೋ ಮನೇನ ಅಳೆದು ಏನು ಮಾಡ್ತೀಯ ಮಗಾ?” ಎಂದರು.

ಗೊತ್ತಿರಲಿಲ್ಲವೆಂಬುದು ಅಳೆದಾಗಲೇ ತಿಳಿಯಿತು. ಜಗಲಿಯ ಎತ್ತರ ನೆಲದಿಂದ ಒಂದೂವರೆ ಅಡಿ. ಸೂರಿನ ಅಂಚು ನೆಲದಿಂದ ಐದೂವರೆ ಅಡಿ. ಜಗಲಿಯಿಂದ ಹೊರಕ್ಕೆ ಸೂರಿನ ಚಾಚು 3 ಅಡಿ. ಕಾಗದದ ಮೇಲೆ ಅದೇ 45 ಡಿಗ್ರಿಯ ಗೆರೆಯನ್ನೆಳೆದೆ. ಎರಚಲು ಜಗಲಿಯ ಅಂಚಿನ ಒಂದು ಅಡಿಯನ್ನು ಮಾತ್ರ ತೋಯಿಸಿತು. ಅಜ್ಜಿ ಅಡಿಕೆ ಸುಲಿಯಲು ಕೂರುವ ಉಳಿದ 5 ಅಡಿ ಒಣಗಿಯೇ ಉಳಿಯಿತು.

ಮನುಷ್ಯನ ಅಳತೆಗೆ ಕಟ್ಟಡ ಹೊಂದಬೇಕೆಂದು ಕಾರ್ಬೂಸಿಯೆಯೂ ಒಂದು ಮಾನವನ್ನು ಕಲ್ಪಿಸಿದ್ದರು. ಅವರ ಮಾದರಿ ಮನುಷ್ಯನ ಎತ್ತರ ಮೊದಲು 175 ಸೆಂಟಿಮೀಟರ್, ಆಮೇಲೆ 183. ನಮ್ಮ ಅಜ್ಜಿಯ ಎತ್ತರ 4 ಅಡಿ 10 ಅಂಗುಲ. ನನ್ನ ಹಣೆಗೆ ಬಡಿಯುವ ಸೂರು ಅವರ ತಲೆಯ ಮೇಲೆ ಸುಮಾರು ಒಂದು ಗೇಣು ಜಾಗವನ್ನು ಬಿಟ್ಟಿತ್ತು.

ರಜೆ ಮುಗಿದು ಬಂದಮೇಲೆ ಗ್ರಂಥಾಲಯದಲ್ಲಿ ಚಾರ್ಲ್ಸ್ ಕೊರಿಯಾ ಅವರು ಸಾಬರಮತಿ ಆಶ್ರಮದಲ್ಲಿ ಕಟ್ಟಿದ ಗಾಂಧಿ ಸ್ಮಾರಕ ಸಂಗ್ರಹಾಲಯದ ನಕ್ಷೆ ನನ್ನ ಕಣ್ಣಿಗೆ ಬಿತ್ತು. 1963ರ ಕಟ್ಟಡ. 6 ಮೀಟರ್ ಚದರದ ಘಟಕಗಳು, ಮೇಲೆ ಹೆಂಚಿನ ಮಾಡು, ನಡುನಡುವೆ ತೆರೆದ ಅಂಗಳ, ಒಂದು ಕೊಳ. ಒಂದು ಘಟಕಕ್ಕೆ ಮತ್ತೊಂದನ್ನು ಸೇರಿಸುತ್ತ ಹೋದರೆ ಮನೆ ಬೆಳೆಯುವ ಈ ಕ್ರಮವನ್ನು ನಾನು ಎಲ್ಲಿ ಕಂಡಿದ್ದೆ? ನಮ್ಮೂರಿನಲ್ಲಿ ಮನೆ ಎಷ್ಟು ದೊಡ್ಡದೆಂದು ಕೇಳುವುದಿಲ್ಲ. ಎಷ್ಟು ಅಂಕಣದ ಮನೆಯೆಂದು ಕೇಳುತ್ತಾರೆ. ಪುಸ್ತಕವನ್ನು ಮುಚ್ಚಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ.

ತಂಗುದಾಣವನ್ನು ಮತ್ತೆ ಬರೆದೆ. ಎರಡು ಅಂಕಣ, ತಗ್ಗಿದ ಸೂರು, ಒಂದೂವರೆ ಅಡಿಯ ಜಗಲಿ, ತಲೆಹೊರೆಯನ್ನು ಒಬ್ಬರೇ ಇಳಿಸಿಕೊಳ್ಳುವಷ್ಟು ಎತ್ತರದ ಒಂದು ಕಲ್ಲುಕಟ್ಟೆ. ಅಧ್ಯಾಪಕರು ಮೂಲೆಮಟ್ಟವನ್ನಿಟ್ಟು ನೋಡಿ, ಏನೂ ಹೇಳದೆ ಪಕ್ಕದ ಮೇಜಿಗೆ ಹೋದರು. ನನಗೆ ಅಷ್ಟು ಸಾಕಾಗಿತ್ತು.

ಆದರೆ ಅಪ್ಪನಿಗೆ ಏನು ಹೇಳುವುದು? ಮುಂದಿನ ರಜೆಯಲ್ಲಿ ಮನೆಯ ನಕ್ಷೆಯನ್ನು ಅವರೆದುರು ಹಾಸಿದೆ. ಹಿಂದುಮುಂದಾಗಿ ತಿರುಗಿಸಿ ನೋಡಿ, ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು: “ನಾನು ಒರಗಿ ಕೂತು ಓದುತ್ತಿದ್ದ ಕಂಬ ಇದೇ ಅಲ್ಲವೇ?” ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ಕೆಡವುವುದು ಬೇಡ ಅನ್ನುತ್ತೀಯಾ?” ಎಂದರು.

ಹೌದೆನ್ನಲು ನನಗೆ ಧೈರ್ಯವಾಗಲಿಲ್ಲ. ಅಡಿಗೆಮನೆಯ ಕತ್ತಲೆ ನಿಜ. ಗೆದ್ದಲು ಹಿಡಿದ ತೊಲೆಯೂ ನಿಜ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಕ್ಕದೆ ಅಪ್ಪ ಪಡುವ ಪಾಡೂ ನಿಜ. ಆ ಪಾಡಿಗೆ ಪರಿಹಾರ ನನ್ನ ನಕ್ಷೆಯಲ್ಲಿರಲಿಲ್ಲ.

“ಈ ಸಲ ಮಳೆಗೆ ಮುಂಚೆ ರಜೆ ಹಾಕಿ ಬಾ. ಮಾಡಿನ ಮೇಲೆ ಹತ್ತಿ ನನ್ನ ಜೊತೆ ಹೆಂಚು ಕೈಯಾಡಿಸು. ಆಮೇಲೆ ಹೇಳು” ಎಂದರು ಅಪ್ಪ.

ಕಾಲೇಜಿನಲ್ಲಿ ಇನ್ನು ನಾಲ್ಕು ವರ್ಷಗಳಿವೆ. ಅಪ್ಪ ಹೇಳಿದ ಈ ಅಭ್ಯಾಸಕ್ಕೆ ನಾಲ್ಕು ತಿಂಗಳು ಮಾತ್ರ.