ಕ್ಯಾನ್ಸರ್ ಔಷಧಿಗೆ ನಿಸರ್ಗದ ವಾಹನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ 8-10 ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ಒಮ್ಮೆಲೇ ಖಾಲಿಯಾಗುವುದಿಲ್ಲ. ಕಣ್ಣಿಗೆ ಕಾಣದಂತೆ, ತುಸುತುಸುವೇ ಆರುತ್ತಾ ಹೋಗುತ್ತದೆ. ಕೊನೆಗೊಂದು ದಿನ ಅಲುಗಾಡಿಸಿದಾಗ ಗಿಟುಕು ಚಿಪ್ಪಿನೊಳಗೆ ಲೊಟಲೊಟ ಸದ್ದು ಮಾಡುತ್ತದೆ. ಅವಸರಪಟ್ಟು ಕಾಯಿ ಒಡೆದು ಬಿಸಿಲಿಗೆ ಹರಡಿದರೆ ಸಿಗುವುದು ಹೋಳು ಕೊಬ್ಬರಿ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆಯಲ್ಲ.

ಒಂದು ಹೊದಿಕೆಯ ಮೂಲಕ ಒಳಗಿರುವುದನ್ನು ನಿಧಾನವಾಗಿ ಹೊರಬಿಡುವ ಈ ಉಪಾಯವನ್ನು ಕ್ಯಾನ್ಸರ್ ಔಷಧಿಗೂ ಅಳವಡಿಸಬಹುದೇ? ವಿಜ್ಞಾನಿಗಳು ಹಲವು ವರ್ಷಗಳಿಂದ ಇದರಲ್ಲಿ ತೊಡಗಿದ್ದಾರೆ. ಹೊದಿಕೆಗೆಂದು ಅವರು ಆರಿಸಿಕೊಂಡ ವಸ್ತುಗಳಲ್ಲಿ ಕೆಲವು ನಮ್ಮ ಅಡುಗೆಮನೆಗೆ ಹಳೆಯ ಪರಿಚಯದವು.

ಕೀಮೋಥೆರಪಿ ಎಂದರೆ ಮನೆಮಂದಿಯೆಲ್ಲ ಹೆದರುತ್ತಾರೆ. ಹೆದರಿಕೆಗೆ ಕಾರಣವೂ ಇದೆ. ವೇಗವಾಗಿ ಬೆಳೆಯುವ ಕಣಗಳನ್ನು ಕೊಲ್ಲುವುದು ಈ ಔಷಧಿಗಳ ಕೆಲಸ. ಕ್ಯಾನ್ಸರ್ ಕಣ ವೇಗವಾಗಿ ಬೆಳೆಯುತ್ತದೆ, ನಿಜ. ಆದರೆ ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಎಲುಬಿನ ಮಜ್ಜೆ ಇವೂ ವೇಗವಾಗಿಯೇ ಬೆಳೆಯುತ್ತವೆ. ಆದ್ದರಿಂದಲೇ ಕೂದಲು ಉದುರುವುದು, ಬಾಯಿಹುಣ್ಣು, ಭೇದಿ, ರಕ್ತಕಣಗಳು ಕಡಿಮೆಯಾಗುವುದು. ಮೇಲಾಗಿ, ಔಷಧಿ ತೆಗೆದುಕೊಂಡ ಕೂಡಲೇ ರಕ್ತದಲ್ಲಿ ಅದರ ಪ್ರಮಾಣ ಏರಿ, ಬೇಗನೆ ಇಳಿದುಬಿಡುತ್ತದೆ. ಏರಿದಾಗ ಬಾಧೆ, ಇಳಿದಾಗ ಫಲವಿಲ್ಲ.

ಇಲ್ಲಿ ನೆರವಿಗೆ ಬರುವುದು ಪಾಲಿಮರ್. ತಸ್ಬೀಹ್‌ನ ಮಣಿಗಳಂತೆ ಪುಟ್ಟ ಅಣುಗಳು ಉದ್ದಕ್ಕೆ ಪೋಣಿಸಿಕೊಂಡ ಸರವೇ ಪಾಲಿಮರ್. ಪ್ಲಾಸ್ಟಿಕ್ ಕೂಡ ಪಾಲಿಮರ್ರೇ. ಆದರೆ ಗಿಡ, ಪ್ರಾಣಿ, ಕಡಲಪಾಚಿಗಳಲ್ಲಿ ತಾನಾಗಿ ಉಂಟಾಗುವುದು ಜೈವಿಕ ಪಾಲಿಮರ್. ಗೋರಿಕಾಯಿಯ ಬೀಜದಿಂದ ಬರುವ ಗೌರ್ ಗಮ್ ಇಂಥದ್ದು. ಎಳನೀರು ಕುಡಿದ ಮೇಲೆ ಕೆರೆದು ತಿನ್ನುವ ಗಂಜಿಯಲ್ಲೂ ಇದೇ ಕುಲದ ಸಕ್ಕರೆ ಸರಗಳಿವೆ. ತುಮಕೂರು ಸೀಮೆಯಲ್ಲಿ ಹುಣಸೆಹಣ್ಣು ಬಿಡಿಸಿ ರಾಶಿ ಹಾಕುವ ಪಿಕ್ಕದಲ್ಲೂ ಅಂಟು ಗುಣದ ಪಾಲಿಮರ್ ಇದೆ. ಬಟ್ಟೆ ಗಿರಣಿಗಳವರು ನೂಲಿಗೆ ಗಂಜಿ ಹಾಕಲು ಬಳಸುತ್ತಿದ್ದ ಈ ಪಿಕ್ಕದ ಪುಡಿಯನ್ನು ಔಷಧಿ ಸಂಶೋಧಕರೂ ಪ್ರಯೋಗಾಲಯಕ್ಕೆ ಒಯ್ದಿದ್ದಾರೆ. ಕಡಲಪಾಚಿಯಿಂದ ಆಲ್ಜಿನೇಟ್, ಸೀಗಡಿ ಮತ್ತು ಏಡಿಯ ಚಿಪ್ಪಿನಿಂದ ಕೈಟೋಸಾನ್ ಸಿಗುತ್ತವೆ.

ಗೌರ್ ಗಮ್ಮಿಗೆ ಒಂದು ವಿಶೇಷ ಗುಣವಿದೆ. ಹೊಟ್ಟೆಯಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಅದು ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಮಾತ್ರ ಅದನ್ನು ಒಡೆಯಬಲ್ಲವು. ಅಂದರೆ ಔಷಧಿಯನ್ನು ಈ ಅಂಟಿನಲ್ಲಿ ಸುತ್ತಿ ಕೊಟ್ಟರೆ, ದಾರಿಯಲ್ಲೆಲ್ಲೂ ಬಿಚ್ಚಿಕೊಳ್ಳದೆ ದೊಡ್ಡ ಕರುಳಿಗೆ ತಲುಪಿದ ಮೇಲೆ ಬಿಚ್ಚಿಕೊಳ್ಳಬೇಕು. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಫ್ಲೋರೋಯುರಾಸಿಲ್ ಔಷಧಿಯನ್ನು ಹೀಗೆ ಕಳುಹಿಸುವ ಪ್ರಯೋಗವನ್ನು ನೆರೆಯ ಆಂಧ್ರದ ಸಂಶೋಧಕರು 2002ರಲ್ಲಿ ಪ್ರಕಟಿಸಿದರು.

ನಮ್ಮ ರಾಜ್ಯದಲ್ಲಿ ಈ ವಿಷಯದಲ್ಲಿ ದೊಡ್ಡ ಕೆಲಸ ನಡೆದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಪಾಲಿಮರ್ ವಿಜ್ಞಾನ ಕೇಂದ್ರದ ಪ್ರೊ. ತೇಜರಾಜ್ ಅಮಿನಭಾವಿ ಮತ್ತು ಅವರ ಸಂಗಡಿಗರು ಕೈಟೋಸಾನ್ ಕಣಗಳಲ್ಲಿ ಔಷಧಿ ತುಂಬುವ ಬಗ್ಗೆ 2004ರಲ್ಲಿ ಬರೆದ ವಿಸ್ತಾರವಾದ ಲೇಖನವನ್ನು ಜಗತ್ತಿನಾದ್ಯಂತ ಸಂಶೋಧಕರು ಉಲ್ಲೇಖಿಸುತ್ತಾರೆ. 2006ರಲ್ಲಿ ಅದೇ ತಂಡ ಕೈಟೋಸಾನ್ ಜೊತೆಗೆ ಬೇರೆ ಪಾಲಿಮರನ್ನು ಹೆಣೆದು, ಕೆಪೆಸಿಟಬಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ನಿಧಾನವಾಗಿ ಬಿಡುವ ಸೂಕ್ಷ್ಮ ಗೋಲಿಗಳನ್ನು ತಯಾರಿಸಿತು.

ಕೆಪೆಸಿಟಬಿನ್ ಎಂಬ ಹೆಸರು ಸ್ತನ ಕ್ಯಾನ್ಸರ್ ಅಥವಾ ಕರುಳಿನ ಕ್ಯಾನ್ಸರ್ ಬಂದ ಮನೆಗಳಲ್ಲಿ ಹಲವರಿಗೆ ಗೊತ್ತು. ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಊಟವಾಗಿ ಅರ್ಧ ಗಂಟೆಯೊಳಗೆ, 14 ದಿನ ನುಂಗಿ 7 ದಿನ ಬಿಡುವ ಮಾತ್ರೆ ಇದು. ಅಂಗೈ, ಅಂಗಾಲು ಕೆಂಪಾಗಿ ಸುಲಿಯುವುದು ಇದರ ದೊಡ್ಡ ಕಾಟ. ಪಾತ್ರೆ ತಿಕ್ಕುವ, ಕಾಯಿ ತುರಿಯುವ ಕೈಗಳಿಗೆ ಅದೆಷ್ಟು ಕಷ್ಟವೆಂದು ಪುರುಷರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲದ ಕಾರಣ ದಿನಕ್ಕೆರಡು ಬಾರಿ ಕೊಡಬೇಕು. ರಮಝಾನ್‌ನಲ್ಲಿ ಉಪವಾಸದ ಹಂಬಲದಿಂದ ಮಾತ್ರೆಯ ಹೊತ್ತನ್ನು ತಾವೇ ಬದಲಿಸಿಕೊಳ್ಳುವ ಸಹೋದರಿಯರು ಇದನ್ನು ಗಮನಿಸಬೇಕು. ಕಾಯಿಲೆಯವರಿಗೆ ರಿಯಾಯಿತಿ ಇದ್ದೇ ಇದೆ. ಧಾರವಾಡದ ಗೋಲಿಗಳು ಪ್ರಯೋಗಾಲಯದ ಸಾಧನೆ. ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲ.

ಹಾಗಾದರೆ ರೋಗಿಯ ಹಾಸಿಗೆಯವರೆಗೆ ಬಂದದ್ದು ಯಾವುದೂ ಇಲ್ಲವೇ? ಇದೆ. ಪ್ಯಾಕ್ಲಿಟ್ಯಾಕ್ಸೆಲ್ ಸ್ತನ ಕ್ಯಾನ್ಸರಿಗೆ ಕೊಡುವ ಪ್ರಮುಖ ಔಷಧಿ. ಅದು ನೀರಿನಲ್ಲಿ ಕರಗದು. ಹಿಂದಿನಿಂದಲೂ ಅದನ್ನು ಹರಳೆಣ್ಣೆಯಿಂದ ರಾಸಾಯನಿಕವಾಗಿ ತಯಾರಿಸಿದ ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ ಕೊಡುತ್ತಾರೆ. ಈ ದ್ರಾವಕ ಕೆಲವರಿಗೆ ತೀವ್ರ ಅಲರ್ಜಿ ತರುವುದರಿಂದ ಮೊದಲೇ ಸ್ಟೀರಾಯ್ಡ್ ಕೊಡಬೇಕು. ಸಕ್ಕರೆ ಕಾಯಿಲೆಯವರಿಗೆ ಅದರಿಂದ ಸಕ್ಕರೆ ಏರುತ್ತದೆ. ಇದರ ಬದಲು ಔಷಧಿಯನ್ನು ಆಲ್ಬುಮಿನ್ ಎಂಬ ಪ್ರೊಟೀನಿಗೆ ಅಂಟಿಸಿದ ಅಬ್ರಾಕ್ಸೇನ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2005ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ ಕಂಪೆನಿ 2008ರಲ್ಲಿ ಅದನ್ನು ಭಾರತಕ್ಕೆ ತಂದಿತು. ಹಳೆಯದನ್ನು 3 ಗಂಟೆ ಏರಿಸಿದರೆ ಇದಕ್ಕೆ ಅರ್ಧ ಗಂಟೆ ಸಾಕು. ಸ್ಟೀರಾಯ್ಡ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹಾಗೆಂದು ಕೂದಲು ಉದುರದೇ ಇರುವುದಿಲ್ಲ, ಕೈಕಾಲು ಜೋಮು ಹಿಡಿಯುವುದೂ ಇದೆ. ಬೆಲೆಯೂ ಹಳೆಯದಕ್ಕಿಂತ ಹೆಚ್ಚು.

ಮುಸ್ಲಿಮ್ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಜೆಲಾಟಿನ್ ದನ ಅಥವಾ ಹಂದಿಯ ಚರ್ಮ, ಎಲುಬಿನಿಂದ ಬರಬಹುದು. ಮೇಲೆ ಹೇಳಿದ ಆಲ್ಬುಮಿನ್ ಮಾನವ ರಕ್ತದಿಂದ ಬೇರ್ಪಡಿಸಿದ್ದು. ಗೋರಿಕಾಯಿ, ಹುಣಸೆಪಿಕ್ಕದ ಅಂಟಿಗೆ ಈ ತೊಡಕಿಲ್ಲ. ಸಂದೇಹವಿರುವವರು ವೈದ್ಯರನ್ನೂ ತಿಳಿದ ವಿದ್ವಾಂಸರನ್ನೂ ಕೇಳಲಿ. ಕೇಳದೆ ಚಿಕಿತ್ಸೆ ನಿಲ್ಲಿಸುವುದು ಬೇಡ.

ಇಷ್ಟೆಲ್ಲ ಬರೆಯಲು ಮುಖ್ಯ ಕಾರಣ ಬೇರೆಯೇ ಇದೆ. 'ನೈಸರ್ಗಿಕ' ಎಂಬ ಮಾತು ಕಿವಿಗೆ ಬಿದ್ದೊಡನೆ ಎರಡನೇ ಕೀಮೋಗೆ ಹೋಗದೆ ಎಳನೀರು, ಅರಿಶಿನ, ಕಷಾಯಗಳನ್ನೇ ನಂಬಿ ಕೂರುವವರಿದ್ದಾರೆ. ಗೋರಿಕಾಯಿಯ ಅಂಟು ಇಲ್ಲಿ ಬರಿಯ ವಾಹನ. ಕ್ಯಾನ್ಸರನ್ನು ಕೊಲ್ಲುವುದು ಅದರೊಳಗೆ ಕುಳಿತ ಔಷಧಿ. ಪಲ್ಯ ತಿಂದರೆ ಗಡ್ಡೆ ಕರಗದು. ಹರಳೆಣ್ಣೆಯ ದ್ರಾವಕವೇ ಅಲರ್ಜಿ ತಂದದ್ದನ್ನು ನೋಡಿದೆವಲ್ಲ, ಮೂಲ ನೈಸರ್ಗಿಕವಾದ ಮಾತ್ರಕ್ಕೆ ನಿರಪಾಯಕಾರಿ ಎನ್ನುವಂತಿಲ್ಲ. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು. ಕೆಲವು ಕೀಮೋ ಔಷಧಿಗಳಿಂದ ಮೂತ್ರಪಿಂಡ ಸೊರಗಿದವರು ಕೇಳದೆ ಕುಡಿಯಬಾರದು.

ಸ್ತನದಲ್ಲಿ ನೋವಿಲ್ಲದ ಗಂಟು, ತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇವು ಕಂಡರೆ ಸಂಕೋಚಪಡದೆ ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ದೊಡ್ಡ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದೆ. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಅದಕ್ಕಿದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೊರಡುವಾಗ ಪಡಿತರ ಚೀಟಿ, ಆಧಾರ್, ತಾಲೂಕು ಆಸ್ಪತ್ರೆಯ ಚೀಟಿ ಮೂರನ್ನೂ ಜೊತೆಗಿಟ್ಟುಕೊಳ್ಳಿ.