ಕಲ್ಲಿಲ್ಲದ ಟ್ಯಾಂಕಿನಲ್ಲಿ ಗೋಲ್ಡ್‌ಫಿಶ್: ಯಾವ ಫಿಲ್ಟರ್ ತರಬೇಕು?



ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬರುವ ನಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಗಾಜಿನ ಟ್ಯಾಂಕು, ಅದರೊಳಗೆ ಎರಡು ಗೋಲ್ಡ್‌ಫಿಶ್ ಇರುತ್ತವೆ. ಕಥೆಯೂ ಬಹಳ ಕಡೆ ಒಂದೇ. ಮೊದಲ ವಾರ ಮೀನು ಲವಲವಿಕೆಯಿಂದ ಓಡಾಡುತ್ತದೆ. ಎರಡನೇ ವಾರ ಮೇಲೆ ಬಂದು ಬಾಯಿ ಬಿಡುತ್ತದೆ. ಮೂರನೇ ವಾರ ಟ್ಯಾಂಕು ಖಾಲಿ. "ನಮ್ಮೂರ ಬಿಸಿಲಿಗೆ ಈ ಮೀನು ಬಾಳಲ್ಲ ಬಿಡು" ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಬಿಸಿಲಿನ ಪಾಲು ಇದೆ, ನಿಜ. ಆದರೆ ಹೊಸ ಟ್ಯಾಂಕಿನಲ್ಲಿ ಮೀನು ಸಾಯಲು ಮುಖ್ಯ ಕಾರಣ ಅದರದೇ ಹೊಲಸು. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ.

ಈಗ ಅನೇಕರು ಟ್ಯಾಂಕಿನ ತಳಕ್ಕೆ ಬಣ್ಣದ ಕಲ್ಲು ಹಾಕುವುದನ್ನು ಬಿಟ್ಟಿದ್ದಾರೆ. ಇದನ್ನು ಬೇರ್ ಬಾಟಮ್ ಟ್ಯಾಂಕ್ ಎನ್ನುತ್ತಾರೆ. ಗೋಲ್ಡ್‌ಫಿಶ್‌ಗೆ ಇದು ಒಳ್ಳೆಯ ಪದ್ಧತಿ. ಹಿಕ್ಕೆ, ಉಳಿದ ಕಾಳು ಕಲ್ಲಿನ ಸಂದಿಯಲ್ಲಿ ಕೊಳೆಯುವುದಿಲ್ಲ. ಮೀನು ಕಲ್ಲನ್ನು ಬಾಯಿಗೆ ಹಾಕಿಕೊಂಡು ಗಂಟಲಲ್ಲಿ ಸಿಕ್ಕಿಸಿಕೊಳ್ಳುವ ಭಯವಿಲ್ಲ. ಒಂದು ಪೈಪಿನಿಂದ ಐದು ನಿಮಿಷದಲ್ಲಿ ತಳ ಸ್ವಚ್ಛ. ಆದರೆ ಕಲ್ಲು ತೆಗೆದಾಗ ಅದರ ಜೊತೆ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಹೋಗುತ್ತದೆ. ಫಿಲ್ಟರ್ ಆರಿಸುವ ಮೊದಲು ಅದೇನೆಂದು ತಿಳಿಯಬೇಕು.

ಕಲ್ಲಿನ ಜೊತೆ ಹೋಗುವುದೇನು?

ಮೂಳೆಮೀನುಗಳು ಸಾರಜನಕದ ತ್ಯಾಜ್ಯವನ್ನು ಮುಖ್ಯವಾಗಿ ಅಮೋನಿಯಾ ರೂಪದಲ್ಲಿ, ಕಿವಿರುಗಳ ಮೂಲಕ ಹೊರಹಾಕುತ್ತವೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಗೋಲ್ಡ್‌ಫಿಶ್‌ಗೆ ನಿಜವಾದ ಜಠರವೇ ಇಲ್ಲ. ದಿನವಿಡೀ ಮೇಯುತ್ತಲೇ ಇರುತ್ತದೆ, ಅದಕ್ಕೆ ತಕ್ಕಂತೆ ಹೊಲಸೂ ಹೆಚ್ಚು. ಈ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ನೀರು ಬದಲಿಸಿ ತೆಗೆಯಬಹುದು.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಕಲ್ಲಿದ್ದ ಟ್ಯಾಂಕಿನಲ್ಲಿ ಸಾವಿರಾರು ಹರಳುಗಳ ಮೈಯೇ ಅವುಗಳ ಮನೆ. ಬರೀ ಗಾಜಿನ ಟ್ಯಾಂಕಿನಲ್ಲಿ ಅಂಥ ಜಾಗ ತೀರಾ ಕಡಿಮೆ. ಹಾಗಾಗಿ ಇಲ್ಲಿ ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಮಾತ್ರವಲ್ಲ, ಬ್ಯಾಕ್ಟೀರಿಯಾಗಳ ಊರು. ಆ ಊರಿನಲ್ಲಿ ಎಷ್ಟು ಮನೆಗಳಿವೆ ಎಂಬುದೇ ಫಿಲ್ಟರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ.

ಹೊಲದಲ್ಲೂ ಇದೇ ಕೆಲಸ

ಇದು ನಮಗೆ ಹೊಸ ವಿಷಯವಲ್ಲ. ಮಸ್ಕಿ, ಲಿಂಗಸುಗೂರು ಕಡೆಯ ಜೋಳದ ಹೊಲಕ್ಕೆ ಯೂರಿಯಾ ಹಾಕಿದಾಗ ಅದು ಅಮೋನಿಯಂ ಆಗಿ, ನಂತರ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಆಗುತ್ತದೆ. ಅದೇ ಯೂರಿಯಾವನ್ನು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಸಿಂಧನೂರಿನ ಭತ್ತದ ಗದ್ದೆಗೆ ಹಾಕಿದರೆ ಬಹುಪಾಲು ಅಮೋನಿಯಂ ಆಗಿಯೇ ಉಳಿಯುತ್ತದೆ. ಕಾರಣ, ನಿಂತ ನೀರಿನ ಕೆಳಗಿನ ಕೆಸರಿನಲ್ಲಿ ಆಮ್ಲಜನಕವಿಲ್ಲ. ಈ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಕೆಲಸ ಮಾಡುವುದಿಲ್ಲ. ಭತ್ತಕ್ಕೆ ಅದರಿಂದ ತೊಂದರೆಯಿಲ್ಲ, ಅದು ಅಮೋನಿಯಂ ಅನ್ನೇ ಹೀರಿಕೊಳ್ಳಬಲ್ಲದು. ಮೀನಿಗೆ ಆ ಸೌಲಭ್ಯವಿಲ್ಲ. ಕರೆಂಟ್ ಹೋಗಿ ಫಿಲ್ಟರಿನಲ್ಲಿ ನೀರು ನಿಂತರೆ ಅದು ನಿಂತ ಗದ್ದೆಯಂತೆಯೇ ಆಗುತ್ತದೆ. ಆದ್ದರಿಂದ ಎರಡನೇ ಪ್ರಶ್ನೆ: ಕರೆಂಟ್ ಹೋದಾಗ ಈ ಫಿಲ್ಟರಿನ ಗತಿ ಏನು?

ನಮ್ಮ ಬಿಸಿಲು, ನಮ್ಮ ನೀರು

ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ಹೆಚ್ಚು ವಿಷಕಾರಿಯಾದ ಅಮೋನಿಯಾ, ಅಷ್ಟಾಗಿ ವಿಷವಲ್ಲದ ಅಮೋನಿಯಂ. ಯಾವುದು ಎಷ್ಟು ಎಂಬುದು ಪಿ.ಎಚ್. ಮತ್ತು ಉಷ್ಣತೆಯ ಮೇಲೆ ನಿಂತಿದೆ. ಪಿ.ಎಚ್. 7, ಉಷ್ಣತೆ 25 ಡಿಗ್ರಿ ಇದ್ದರೆ ವಿಷಕಾರಿ ಪಾಲು ಸುಮಾರು ಶೇ. 0.6. ಪಿ.ಎಚ್. 8 ಆದರೆ ಅದು ಶೇ. 5.4. ಅದೇ ನೀರು 35 ಡಿಗ್ರಿಗೆ ಬಿಸಿಯಾದರೆ ಸುಮಾರು ಶೇ. 10. ರಸಾಯನಶಾಸ್ತ್ರದ ಸಮತೋಲನದ ಪಾಠ ಓದಿದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಜೊತೆಗೆ ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಿಗೆ ಮೂರನೇ ಪ್ರಶ್ನೆ ಇಲ್ಲೇ ಹುಟ್ಟುತ್ತದೆ: ಈ ಫಿಲ್ಟರ್ ನೀರಿಗೆ ಗಾಳಿಯನ್ನೂ ಬೆರೆಸುತ್ತದೆಯೇ?

ಯಾವುದು ಒಳ್ಳೆಯದು?

ಈ ಮೂರು ಪ್ರಶ್ನೆಗಳನ್ನು ಹಿಡಿದು ಅಂಗಡಿಯಲ್ಲಿ ಸಿಗುವ ಫಿಲ್ಟರ್‌ಗಳನ್ನು ನೋಡೋಣ.

1. ಅಂಡರ್ ಗ್ರಾವೆಲ್ ಫಿಲ್ಟರ್: ಇದು ಕೆಲಸ ಮಾಡುವುದೇ ಮೇಲೆ ಹರಡಿದ ಕಲ್ಲಿನಿಂದ. ಕಲ್ಲಿಲ್ಲದ ಟ್ಯಾಂಕಿಗೆ ಉಪಯೋಗವಿಲ್ಲ.

2. ನೀರಿನೊಳಗೆ ಇಡುವ ಪವರ್ ಫಿಲ್ಟರ್: ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಒಳಗಿನ ಸ್ಪಂಜ್ ಅಂಗೈಯಷ್ಟು. ಚಿಕ್ಕ ಮೀನುಗಳಿಗೆ ಸಾಕಾಗಬಹುದು, ಗೋಲ್ಡ್‌ಫಿಶ್‌ಗೆ ಇದೊಂದೇ ಸಾಲದು.

3. ಹ್ಯಾಂಗ್ ಆನ್ ಫಿಲ್ಟರ್: ಟ್ಯಾಂಕಿನ ಅಂಚಿಗೆ ತೂಗುಹಾಕುವಂಥದ್ದು. ನೀರು ಮೇಲಿನಿಂದ ಬೀಳುವುದರಿಂದ ಗಾಳಿ ಸೇರುತ್ತದೆ. ಆದರೆ ಒಳಗೆ ಜಾಗ ಕಡಿಮೆ. ಕರೆಂಟ್ ಹೋಗಿ ಬಂದಾಗ ಕೆಲವು ಮಾದರಿಗಳು ನೀರು ಎಳೆಯದೆ ಒಣಗಿ ಓಡಿ ಸುಟ್ಟುಹೋಗುತ್ತವೆ.

4. ಕ್ಯಾನಿಸ್ಟರ್: ಟ್ಯಾಂಕಿನ ಕೆಳಗಿಡುವ ಮುಚ್ಚಿದ ಡಬ್ಬಿ. ಬ್ಯಾಕ್ಟೀರಿಯಾಗೆ ಜಾಗ ಬಹಳ. ಆದರೆ ಬೆಲೆ ಹೆಚ್ಚು, ಬಿಚ್ಚಿ ತೊಳೆಯುವುದು ತ್ರಾಸು. ಕರೆಂಟ್ ಹಲವು ಗಂಟೆ ಹೋದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು, ಮತ್ತೆ ಚಾಲೂ ಆದಾಗ ಕೆಟ್ಟ ನೀರು ಟ್ಯಾಂಕಿಗೆ ಬರುತ್ತದೆ.

5. ಸ್ಪಂಜ್ ಫಿಲ್ಟರ್: ಏರ್ ಪಂಪಿನಿಂದ ನಡೆಯುತ್ತದೆ. ಅಗ್ಗ, ಬ್ಯಾಕ್ಟೀರಿಯಾಗೆ ಒಳ್ಳೆಯ ಮನೆ, ಗಾಳಿಯನ್ನೂ ಕೊಡುತ್ತದೆ. ಪಂಪ್ ಕೆಲವೇ ವ್ಯಾಟ್ ತಿನ್ನುವುದರಿಂದ ಮನೆಯ ಇನ್ವರ್ಟರ್ ಮೇಲೆ ಸುಲಭವಾಗಿ ಓಡುತ್ತದೆ. ದಪ್ಪ ಹಿಕ್ಕೆಯನ್ನು ಎಳೆದುಕೊಳ್ಳುವ ಶಕ್ತಿ ಮಾತ್ರ ಇಲ್ಲ.

6. ಟಾಪ್ ಫಿಲ್ಟರ್: ಟ್ಯಾಂಕಿನ ಮೇಲಿಡುವ ಉದ್ದನೆಯ ಪೆಟ್ಟಿಗೆ. ಪಂಪ್ ತಳದ ನೀರನ್ನು ಮೇಲೆತ್ತುತ್ತದೆ; ಅದು ಬಿಳಿ ಫಿಲ್ಟರ್ ಹತ್ತಿ, ಸ್ಪಂಜ್, ಸೆರಾಮಿಕ್ ರಿಂಗುಗಳ ಮೂಲಕ ಹರಿದು ಮತ್ತೆ ಟ್ಯಾಂಕಿಗೆ ಬೀಳುತ್ತದೆ. ಜಾಗ ಹೆಚ್ಚು, ತೊಳೆಯುವುದು ಸುಲಭ. ಕರೆಂಟ್ ಹೋದರೂ ಒದ್ದೆ ರಿಂಗುಗಳು ಗಾಳಿಗೆ ತೆರೆದಿರುವುದರಿಂದ ಬ್ಯಾಕ್ಟೀರಿಯಾ ಬೇಗ ಉಸಿರುಗಟ್ಟುವುದಿಲ್ಲ. ಕೊರತೆ ಎಂದರೆ ಬೇಸಿಗೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಹತ್ತಿ ಕಟ್ಟಿಕೊಂಡರೆ ನೀರು ಹೊರಗೆ ಚೆಲ್ಲಬಹುದು.

ನಮ್ಮ ಊರುಗಳಿಗೆ ಹೊಂದುವುದು ಕೊನೆಯ ಎರಡರ ಜೋಡಿ. ಟಾಪ್ ಫಿಲ್ಟರ್ ಹಿಕ್ಕೆ ಎಳೆಯುತ್ತದೆ, ದೊಡ್ಡ ಕೆಲಸ ಮಾಡುತ್ತದೆ. ಇನ್ವರ್ಟರ್ ಮೇಲಿನ ಸ್ಪಂಜ್ ಫಿಲ್ಟರ್ ಕರೆಂಟ್ ಹೋದಾಗ ಮೀನಿನ ಉಸಿರು ಕಾಯುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ; ಇಲ್ಲದಿದ್ದರೆ ಪಂಪ್ ನಿಂತಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪ್ ಸೇರುತ್ತದೆ.

ಎಷ್ಟು ದೊಡ್ಡದು?

ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು 4.5 ಘನ ಅಡಿ, ಅಂದರೆ ಸುಮಾರು 127 ಲೀಟರ್. ಮೇಲೆ ಸ್ವಲ್ಪ ಬಿಟ್ಟರೆ 110 ಲೀಟರ್ ನೀರು. ಇದರಲ್ಲಿ ಎರಡು ಗೋಲ್ಡ್‌ಫಿಶ್ ಇಡಬಹುದು, ನಾಲ್ಕಲ್ಲ. ಗಂಟೆಗೆ ಐದಾರು ಬಾರಿ ನೀರು ಫಿಲ್ಟರಿನಿಂದ ಹಾದುಹೋಗಲಿ ಎಂದರೆ 550ರಿಂದ 660 ಲೀಟರ್ ಬೇಕು. ಡಬ್ಬಿಯ ಮೇಲೆ ಬರೆದ ಸಂಖ್ಯೆ ಖಾಲಿ ಪಂಪಿನದು. ನೀರು ಮೇಲೇರಿ, ಹತ್ತಿ ದಾಟುವಾಗ ಅದು ಇಳಿಯುತ್ತದೆ. ಹಾಗಾಗಿ 800ರಿಂದ 1000 ಲೀಟರ್ ಎಂದು ಬರೆದದ್ದನ್ನು ತನ್ನಿ. ಒರಾಂಡದಂಥ ದುಂಡು ಮೀನುಗಳಿಗೆ ರಭಸದಲ್ಲಿ ಈಜಲಾಗದು. ನೀರು ಒಂದೇ ಕಡೆ ಧಾರೆಯಾಗಿ ಬೀಳದೆ ಹರಡಿ ಬೀಳಲಿ. ಪಂಪಿನ ಬಾಯಿ ತಳಕ್ಕೆ ಹತ್ತಿರ, ಒಂದು ಮೂಲೆಯಲ್ಲಿರಲಿ. ಕಲ್ಲಿನ ಅಡ್ಡಿಯಿಲ್ಲದ್ದರಿಂದ ಹಿಕ್ಕೆ ತಾನಾಗಿ ಅತ್ತ ಸರಿಯುತ್ತದೆ.

ತಂದ ಮೇಲೆ ಮಾಡಬೇಕಾದ್ದು

ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಎರಡನೇ, ಮೂರನೇ ವಾರದ ಸಾವಿಗೆ ಕಾರಣ ಇದೇ. ಇದಕ್ಕೊಂದು ಖರ್ಚಿಲ್ಲದ ಉಪಾಯವಿದೆ. ರೋಗವಿಲ್ಲದ, ಹಳೆಯ ಟ್ಯಾಂಕು ಇರುವ ಗೆಳೆಯರಿಂದ ಬಳಸಿದ ಸ್ಪಂಜಿನ ತುಂಡು ಕೇಳಿ ತಂದು ನಿಮ್ಮ ಫಿಲ್ಟರಿನಲ್ಲಿಡಿ. ಒದ್ದೆಯಾಗಿಟ್ಟು, ಬಾಯಿ ಬಿಗಿಯದ ಕವರಿನಲ್ಲಿ ತಂದರೆ ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಬರುವ ಬಸ್ ಪ್ರಯಾಣದಲ್ಲಿ ಬ್ಯಾಕ್ಟೀರಿಯಾಗೆ ಏನೂ ಆಗುವುದಿಲ್ಲ.

ಸ್ಪಂಜ್, ರಿಂಗುಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬೇಡಿ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರನ್ನು ಬಕೆಟ್ಟಿನಲ್ಲಿಟ್ಟು ಅದರಲ್ಲೇ ಅದ್ದಿ ಹಿಂಡಿ. ಬಿಳಿ ಹತ್ತಿಯನ್ನು ಮಾತ್ರ ಆಗಾಗ ಬದಲಿಸಿ. ಟ್ಯಾಂಕಿಗೆ ಹಾಕುವ ನಲ್ಲಿ ನೀರಿಗೆ ಆಂಟಿ-ಕ್ಲೋರಿನ್ ಹಾಕಿ; ಅದರಲ್ಲಿರುವುದು ಸಾಮಾನ್ಯವಾಗಿ ನಮ್ಮ ಪ್ರಯೋಗಾಲಯದ ಸೋಡಿಯಂ ಥಯೋಸಲ್ಫೇಟ್. ಶುದ್ಧ ನೀರಿನ ಘಟಕದ ಆರ್.ಒ. ನೀರು ಮೀನಿಗೆ ಇನ್ನೂ ಒಳ್ಳೆಯದೆಂದು ಅದನ್ನೇ ತುಂಬಬೇಡಿ. ಬ್ಯಾಕ್ಟೀರಿಯಾ ತಮ್ಮ ಕೆಲಸದಲ್ಲಿ ನೀರಿನ ಕ್ಷಾರೀಯತೆಯನ್ನು ಬಳಸುತ್ತವೆ. ಆರ್.ಒ. ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ; ಪಿ.ಎಚ್. ದಿಢೀರನೆ ಕುಸಿದು ಅವು ಕೆಲಸ ನಿಲ್ಲಿಸುತ್ತವೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಕಾಲೇಜಿನ ಗಿಡಕ್ಕೋ ಮನೆಯ ಕರಿಬೇವಿಗೋ ಹಾಕಿ. ಅದರಲ್ಲಿರುವ ನೈಟ್ರೇಟ್ ಮೀನಿಗೆ ಬೇಡವಾದರೂ ಗಿಡಕ್ಕೆ ಗೊಬ್ಬರ.