ಬೀಳುವ ಗೋಡೆ, ನಗದ ಮುಖ

ಬಿರುಗಾಳಿ ಬೀಸ್ತಾ ಇದೆ. ಬೀದಿಯಲ್ಲಿ ಒಬ್ಬ ಸುಮ್ಮನೆ ನಿಂತಿದ್ದಾನೆ. ಹಿಂದಿನ ಮನೆಯ ಇಡೀ ಮುಂಗೋಡೆ ಕಳಚಿ ಅವನ ಮೇಲೇ ಬೀಳುತ್ತೆ. ಅವನಿಗೆ ಏನೂ ಆಗಲ್ಲ! ಮೇಲಂತಸ್ತಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದಿರುತ್ತೆ.

ಈ ದೃಶ್ಯವನ್ನು ನೀವೂ ಮೊಬೈಲಲ್ಲಿ ನೋಡಿರಬಹುದು. ನಾನಂತೂ ಗ್ರಾಫಿಕ್ಸ್ ಅಂದುಕೊಂಡಿದ್ದೆ. ಆದರೆ ಇದು 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದ್ದು. ಗೋಡೆ ನಿಜ, ಮನುಷ್ಯನೂ ನಿಜ. ಸುತ್ತ ಉಳಿದಿದ್ದ ಜಾಗ ಕೆಲವೇ ಇಂಚು. ಆತ ಬಸ್ಟರ್ ಕೀಟನ್.

ಹುಟ್ಟಿದ್ದು 1895ರಲ್ಲಿ, ಅಮೆರಿಕದ ಕಾನ್ಸಾಸ್‌ನ ಪಿಕ್ವಾ ಎಂಬ ಪುಟ್ಟ ಊರಲ್ಲಿ. ಅಪ್ಪ ಅಮ್ಮ ಊರೂರು ಸುತ್ತುವ ರಂಗ ಕಲಾವಿದರು. ವೇದಿಕೆಯ ಮೇಲೆ ಅಪ್ಪ ಮಗನನ್ನು ಎತ್ತಿ ಎಸೆಯುವುದೇ ಹಾಸ್ಯ! ತಾನು ನಕ್ಕರೆ ಜನ ನಗಲ್ಲ ಅನ್ನೋದನ್ನ ಹುಡುಗ ಅಲ್ಲೇ ಕಲಿತ. 1917ರಲ್ಲಿ ಸಿನಿಮಾಗೆ ಬಂದವನಿಗೆ ಮೊದಲು ಕುತೂಹಲ ಹುಟ್ಟಿಸಿದ್ದು ಕ್ಯಾಮೆರಾ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಬಿಚ್ಚಿಯೇ ನೋಡಿದ್ದನಂತೆ. ಇಂಜಿನಿಯರ್ ಆದ ನನಗೆ ಆತ ಇಷ್ಟವಾಗಿದ್ದು ಇಲ್ಲೇ.

ಮುಂದೆ ತನ್ನದೇ ತಂಡ ಕಟ್ಟಿಕೊಂಡ. ನಟನೂ ಆತನೇ, ನಿರ್ದೇಶಕನೂ ಆತನೇ. 1926ರ 'ದಿ ಜನರಲ್' ಚಿತ್ರಕ್ಕಾಗಿ ಉರಿಯುವ ಸೇತುವೆಯಿಂದ ನಿಜವಾದ ರೈಲು ಇಂಜಿನ್ನನ್ನೇ ನದಿಗೆ ಬೀಳಿಸಿದ. ಚಿತ್ರ ಆಗ ಸೋತಿತು.

1928ರಲ್ಲಿ ಆತ ಎಂಜಿಎಂ ಎಂಬ ದೊಡ್ಡ ಸ್ಟುಡಿಯೋ ಸೇರಿದ. ಸಂಬಳ ಚೆನ್ನಾಗಿತ್ತು, ಚಿತ್ರಗಳು ದುಡ್ಡನ್ನೂ ಮಾಡಿದವು. ಆದರೆ ಎಲ್ಲವೂ ಮೊದಲೇ ಕಾಗದದ ಮೇಲೆ ಒಪ್ಪಿಗೆಯಾಗಬೇಕಿತ್ತು. ಇದೇ ತನ್ನ ಬದುಕಿನ ದೊಡ್ಡ ತಪ್ಪು ಅಂತ ಆತ್ಮಕಥೆಯಲ್ಲಿ ಬರೆದುಕೊಂಡ. ಕುಡಿತ ಹೆಚ್ಚಿತು, ಸಂಸಾರ ಮುರಿಯಿತು, 1933ರಲ್ಲಿ ಕೆಲಸವೂ ಹೋಯಿತು. ಮುಂದೆ ಅದೇ ಸ್ಟುಡಿಯೋದಲ್ಲಿ ಬೇರೆಯವರ ಚಿತ್ರಗಳಿಗೆ ಹಾಸ್ಯ ಹೊಂದಿಸಿಕೊಡುವ ಕೆಲಸ ಮಾಡಿದ.

ಇದನ್ನೋದುವಾಗ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗಾಯ್ತು. ನಾನೂ ಎರಡು ವರ್ಷದ ಹಿಂದೆ ಹತ್ತು ಜನರ ಪುಟ್ಟ ಕಂಪನಿ ಬಿಟ್ಟು ದೊಡ್ಡದಕ್ಕೆ ಸೇರಿದವನು. ಮೊನ್ನೆ ಮೂರು ಸಾಲು ಕೋಡ್ ಬದಲಿಸೋಕೆ ನಾಲ್ಕು ಜನರ ಒಪ್ಪಿಗೆಗೆ ಕಾದಿದ್ದೆ.

ಕೀಟನ್ ಕತೆ ಅಲ್ಲಿಗೇ ಮುಗಿಯಲಿಲ್ಲ ಅನ್ನೋದೇ ಸಮಾಧಾನ. 1940ರಲ್ಲಿ ಎಲಿನಾರ್ ಬಾಳಿಗೆ ಬಂದಳು. ಟಿವಿ, ಜಾಹೀರಾತು ಅಂತ ಸಿಕ್ಕ ಕೆಲಸವನ್ನೆಲ್ಲ ಆತ ಶ್ರದ್ಧೆಯಿಂದ ಮಾಡಿದ. ಹಳೆಯ ಚಿತ್ರಗಳನ್ನು ಜನ ಮತ್ತೆ ಹುಡುಕಿ ನೋಡಿದರು. 1960ರಲ್ಲಿ ಗೌರವ ಆಸ್ಕರ್ ಬಂತು. 1966ರಲ್ಲಿ ಆತ ತೀರಿಕೊಂಡ.

ಕಳೆದ ಭಾನುವಾರ ಅಮ್ಮನಿಗೆ 'ದಿ ಜನರಲ್' ತೋರಿಸಿದೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಮೂಕಿ ಚಿತ್ರವಾದ್ದರಿಂದ ನಡುನಡುವೆ ಬರುವ ಅಕ್ಷರಗಳನ್ನಷ್ಟೇ ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೊನೆಗೆ, "ಪಾಪ ಕಣೋ, ಅವನು ಒಂದ್ಸಲನೂ ನಗಲಿಲ್ವಲ್ಲೋ" ಅಂದ್ರು.

ನಾನೇನೂ ಕೆಲಸ ಬಿಡ್ತಿಲ್ಲ, ಮನೆ ಸಾಲ ಇದೆ. ಆದರೆ ಮುಂದಿನ ಸಲ ಆಫರ್ ಬಂದಾಗ ಸಂಬಳ ಎಷ್ಟು ಅನ್ನೋದರ ಜೊತೆಗೆ ಇನ್ನೊಂದನ್ನೂ ಕೇಳ್ತೀನಿ: ನನ್ನ ಕೆಲಸದಲ್ಲಿ ನನ್ನ ಮಾತು ಎಷ್ಟು ನಡೆಯುತ್ತೆ?